ಬಾಗಿಲ ಮೇಲಿನ ಕಣ್ಣಿಗೆ ಕೆಮ್ಮುವುದನ್ನು ಕಲಿಸಿ

ಮನೆ ಕಾಯುವ ಕ್ಯಾಮೆರಾಗಳನ್ನು ತಯಾರಿಸಿ ಲೋಕಕ್ಕೆ ನಿಶ್ಚಿಂತೆಯನ್ನು ಹಂಚುತ್ತಿರುವ ಕಂಪನಿಯ ಪರಮೋಚ್ಚ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬವರ್ಗದವರೂ ಕುಶಲವೆಂದು ನಂಬಿದ್ದೇನೆ. ನಮ್ಮ ಕುಶಲವನ್ನು ಇಲ್ಲಿ ಬರೆಯಹೊರಟರೆ ಅಧಿಕಪ್ರಸಂಗವಾದೀತು. ಈ ಮನೆಯಿಂದ ಯಾರು ನಗುನಗುತ್ತಾ ಹೊರಟರು, ಯಾರು ಮುಖ ಸಿಂಡರಿಸಿಕೊಂಡು ಬಂದರು, ಯಾರು ಹೊಸಿಲ ಮೇಲೆ ನಿಂತು ಬಾಯಿ ಮುಚ್ಚಿಕೊಳ್ಳದೆ ಆಕಳಿಸಿದರು ಎಂಬುದೆಲ್ಲ ನನಗಿಂತ ತಮಗೇ ಹೆಚ್ಚು ಗೊತ್ತು. ಇಷ್ಟೊಂದು ಗೊತ್ತಿದ್ದೂ ಗೊತ್ತಾಗದೆ ಹೋದದ್ದು ಒಂದಿದೆ, ಅದನ್ನು ಅರಿಕೆ ಮಾಡಿಕೊಳ್ಳುವುದಕ್ಕೇ ಈ ಪತ್ರ.

ನಾನು ದರ್ಜಿ. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಹೊಟ್ಟೆ ಬೆಳೆದವರ ಕೋಟನ್ನು ಹೊಟ್ಟೆಗೆ ಬೇಸರವಾಗದ ಹಾಗೆ ಬಿಡಿಸಿ ಹೊಲಿಯುವುದು, ಕೆಟ್ಟ ಜಿಪ್ಪು ಬದಲಾಯಿಸುವುದು ನನ್ನ ಕಸುಬು. ನಮ್ಮ ಮನೆಯವರು ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಾರೆ. ನಮ್ಮ ಜೊತೆಯಲ್ಲಿರುವ ಮಾವ ಕ್ಷೌರಿಕರಾಗಿದ್ದು ಈಗ ವಿಶ್ರಾಂತಿಯಲ್ಲಿದ್ದಾರೆ, ಅಥವಾ ವಿಶ್ರಾಂತಿಯಲ್ಲಿದ್ದಾರೆಂದು ತಮ್ಮ ಕ್ಯಾಮೆರಾ ಬರುವವರೆಗೆ ನಾವು ತಿಳಿದುಕೊಂಡಿದ್ದೆವು.

ಗಿರಾಕಿಯೊಬ್ಬರು ಬಾಗಿಲಾಚೆ ಬಿಟ್ಟಿದ್ದ ಹೊಸ ಬೂಟು, ಒಳಗೆ ನಾನು ಅವರ ಸೊಂಟದ ಅಳತೆ ತೆಗೆಯುವಷ್ಟರಲ್ಲಿ ಮಾಯವಾಯಿತು. ಪಾಪ, ಅವರು ಕೋಟು ತೊಟ್ಟು, ಕಾಲಿಗೆ ಮಾವನ ರಬ್ಬರ್ ಚಪ್ಪಲಿ ಸಿಕ್ಕಿಸಿಕೊಂಡು ಆಫೀಸಿಗೆ ಹೋದರು. ನಮ್ಮ ಮನೆಯವರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಅವರಿಗೆ ಬಹಳಷ್ಟು ವಿಷಯಗಳು ಮರ್ಯಾದೆಯ ಪ್ರಶ್ನೆಯೇ. ಮಾರನೆಯ ದಿನವೇ ತಮ್ಮ ಕ್ಯಾಮೆರಾ ತಂದು, ನನ್ನ ಕತ್ತರಿಸುವ ಮೇಜಿನ ಮೇಲೆ ಹತ್ತಿ, ಹರಡಿಟ್ಟಿದ್ದ ಕೆನೆಬಣ್ಣದ ಲೈನಿಂಗ್ ಬಟ್ಟೆಗೆ ಪಾದದ ಗುರುತನ್ನು ಶಾಶ್ವತವಾಗಿ ದಯಪಾಲಿಸಿ, ಬಾಗಿಲ ನೆತ್ತಿಯ ಮೇಲೆ ಅದನ್ನು ಪ್ರತಿಷ್ಠಾಪಿಸಿದರು. ಕಳ್ಳ ಮತ್ತೊಮ್ಮೆ ಬಂದ. ತಮ್ಮ ಯಂತ್ರ ಅವನ ಟೋಪಿಯನ್ನು ಎಷ್ಟು ಸ್ಪಷ್ಟವಾಗಿ ಚಿತ್ರಿಸಿತೆಂದರೆ, ಅದರ ಅಂಚಿನ ಹೊಲಿಗೆ ಬಿಟ್ಟಿದೆಯೆಂದೂ ದಾರ ಕಳಪೆಯೆಂದೂ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮುಖ ಮಾತ್ರ ಬಿದ್ದಿಲ್ಲ. ಕಳ್ಳನ ಖಾಸಗಿತನಕ್ಕೆ ತಾವು ತೋರಿದ ಈ ಗೌರವವನ್ನು ಕಂಡು ಮನೆಮಂದಿಯೆಲ್ಲ ಮೂಕರಾದೆವು.

ಉಪಯೋಗವೇ ಆಗಲಿಲ್ಲವೆಂದು ಹೇಳಿದರೆ ನನ್ನ ನಾಲಗೆ ಬಿದ್ದುಹೋದೀತು. ನನ್ನ ಅಂಗಡಿಯ ಕನ್ನಡಿ ಗಿರಾಕಿಯ ಮುಂಭಾಗವನ್ನಷ್ಟೇ ತೋರಿಸುತ್ತಿತ್ತು. ಈಗ ಪ್ಯಾಂಟು ತೊಡಿಸಿ ಗೇಟಿನವರೆಗೆ ನಡೆದುಬನ್ನಿ ಎನ್ನುತ್ತೇನೆ, ಆಮೇಲೆ ಇಬ್ಬರೂ ಫೋನಿನಲ್ಲಿ ಹಿಂಬದಿ ಹೇಗೆ ಕುಳಿತಿದೆಯೆಂದು ನೋಡುತ್ತೇವೆ. ಗಣಿತದ ಮೇಷ್ಟ್ರೊಬ್ಬರು ಹೀಗೆ ತಮ್ಮನ್ನು ಜೀವನದಲ್ಲಿ ಮೊದಲ ಬಾರಿಗೆ ಹಿಂದಿನಿಂದ ಕಂಡು, "ನನ್ನ ಬೆನ್ನಿಗೆ ಇಷ್ಟು ವಯಸ್ಸಾಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ಲಮ್ಮಾ" ಎಂದು ಬಹಳ ಹೊತ್ತು ಕುಳಿತೇ ಇದ್ದರು. ಪಕ್ಕದ ಮನೆಯ ಯಜಮಾನರು ಆಗಾಗ ಬಂದು, ತಮ್ಮ ಹೆಂಡತಿ ಬೀದಿಯಲ್ಲಿ ಸಣ್ಣ ಚೀಲ ಹಿಡಿದು ಹೋದಳೋ ದೊಡ್ಡ ಚೀಲ ಹಿಡಿದು ಹೋದಳೋ ಎಂದು ಪರೀಕ್ಷಿಸಿ ಸಮಾಧಾನಪಟ್ಟುಕೊಂಡು ಹೋಗುತ್ತಾರೆ. ಇಂಥ ಸೇವೆಗಳನ್ನು ತಮ್ಮ ಜಾಹೀರಾತಿನಲ್ಲಿ ಸೇರಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.

ಆದರೆ ತಾವು ಅದಕ್ಕೆ ಬಾಯಿಯನ್ನೂ ಕೊಟ್ಟಿರಿ. ಕಣ್ಣೊಂದೇ ಇದ್ದಿದ್ದರೆ ಹೇಗೋ ಹೊಂದಿಕೊಳ್ಳುತ್ತಿದ್ದೆವು. ನಮ್ಮ ಮನೆಯವರು ಯಾವುದೋ ಕಟ್ಟಡದಲ್ಲಿ ನಿಂತ ಲಿಫ್ಟಿನ ತಲೆಯ ಮೇಲೆ ಕುಳಿತು, ಕೈಗೆ ಗ್ರೀಸು ಮೆತ್ತಿಕೊಂಡು, ಬಿಡುವಾದಾಗಲೆಲ್ಲ ಫೋನು ತೆರೆದು ನಮ್ಮನ್ನು ಕಾಯತೊಡಗಿದರು. "ಬಕೆಟ್ ದಾರೀಲಿಟ್ಟಿದ್ದೀಯ", "ಗೇಟು ಹಾಕಿಲ್ಲ", "ಆ ಗಿರಾಕಿ ಇನ್ನೂ ಹೋಗಿಲ್ವಾ?" ಎಂದು ಗೋಡೆಯಿಂದ ಗಂಡನ ದನಿ ಬರುತ್ತಿತ್ತು. ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡಿರುವ ನಾನು ಉತ್ತರ ಕೊಡದಿದ್ದರೆ, ಮುನಿಸಿಕೊಂಡಿದ್ದೇನೆಂದು ಅವರು ಸಂಜೆ ಮೆತ್ತಗೆ ಮಾತನಾಡಿಸುತ್ತಿದ್ದರು. ಪಿನ್ನು ತೆಗೆದು ಉತ್ತರ ಕೊಟ್ಟರೆ, ಗೋಡೆಯನ್ನು "ರೀ" ಎಂದು ಕರೆಯುವ ಹೆಂಗಸನ್ನು ಗಿರಾಕಿಗಳು ಅನುಕಂಪದಿಂದ ನೋಡುತ್ತಿದ್ದರು.

ಹೀಗಿರಲು ಒಂದು ದಿನ ಅವರು ಫೋನು ಹಿಡಿದುಕೊಂಡು ಬಂದು ಗಾಬರಿಯಿಂದ ಹೇಳಿದರು: "ಅಪ್ಪ ಮಧ್ಯಾಹ್ನ ಮಲಗ್ತಾರೆ ಅಂದಿದ್ದೆಯಲ್ಲ? ನೋಡಿಲ್ಲಿ."

ನೋಡಿದೆ. ಊಟವಾದ ಮೇಲೆ, ನನ್ನ ಮೆಷಿನ್ನಿನ ಸದ್ದು ಜೋರಾಗಿರುವ ಹೊತ್ತು ನೋಡಿಕೊಂಡು, ನನ್ನ ಬೆನ್ನ ಹಿಂದಿನಿಂದಲೇ ಮಾವ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಟ್ಟೆಯ ಚೀಲವೊಂದನ್ನು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಸಿಲು ದಾಟುತ್ತಿದ್ದರು. ಹಿಂದಿನ ದಿನವೂ ಹಾಗೆಯೇ, ಅದರ ಹಿಂದಿನ ದಿನವೂ.

"ಮರೆವು ಶುರುವಾಗಿದೆಯೋ ಏನೋ," ಅಂದರು ನಮ್ಮ ಮನೆಯವರು.

"ಮರೆವಿನವರು ಇಸ್ತ್ರಿ ಮಾಡ್ಕೊಂಡು ಹೋಗಲ್ಲ ಕಣ್ರೀ," ಅಂದೆ.

ಅವರು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಚೀಲದ ಬಾಯಿಂದ ಕ್ಷೌರದ ಬ್ರಷ್ಷಿನ ಹಿಡಿ ಇಣುಕುತ್ತಿತ್ತು. ಅವರ ಮುಖ ಬಿಗಿಯಿತು. ಎಲ್ಲಿಗೆಂದು ಇಬ್ಬರಿಗೂ ಅರ್ಥವಾಯಿತು.

ತಮ್ಮ ಯಂತ್ರಕ್ಕೆ ನಮ್ಮ ಹಳೆಯ ಸಂಗತಿಗಳು ಗೊತ್ತಿಲ್ಲವಾದ್ದರಿಂದ ಇಲ್ಲಿ ಹೇಳಬೇಕು. ಮಾವನೂ ಅವರ ತಮ್ಮನೂ ಒಂದೇ ಅಂಗಡಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಬಾಳಿದವರು. ಚಿಕ್ಕಮಾವನ ಬಾಯಿ ಅವರ ಕತ್ತರಿಗಿಂತ ಚುರುಕು. ನಮ್ಮ ಮದುವೆಯ ಊಟದಲ್ಲಿ ಅವರು ಎಲ್ಲರಿಗೂ ಕೇಳಿಸುವ ಹಾಗೆ, "ನಮ್ಮನೇಲಿ ಕತ್ತರಿ ಕಮ್ಮಿಯಿತ್ತು ಅಂತ ದರ್ಜಿ ಹುಡುಗೀನ ತಂದ್ರಾ?" ಎಂದಿದ್ದರು. ಅದು ಹೆಂಡತಿಗಾದ ಅವಮಾನವೆಂದು ಮದುಮಗ ತಟ್ಟೆ ಬಿಟ್ಟು ಎದ್ದರು. ಮಾತಿಗೆ ಮಾತು ಬೆಳೆದು, ಇನ್ನು ನಮ್ಮ ಮನೆಯಿಂದ ಯಾರೂ ನಿಮ್ಮ ಬಾಗಿಲು ತುಳಿಯುವುದಿಲ್ಲವೆಂದು ಘೋಷಿಸಿದರು. ಅಂದಿನಿಂದ ಮಾವ ಮಗನ ಮುಂದೆ ತಮ್ಮನ ಹೆಸರೆತ್ತಲಿಲ್ಲ. ಈಚೆಗೆ ಚಿಕ್ಕಮಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆಯೆಂಬ ಸುದ್ದಿ ಬಂದಾಗಲೂ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಊರಿನವರ ಗಡ್ಡವನ್ನೆಲ್ಲ ಹೆರೆದ ಕೈಗೆ ಈಗ ತನ್ನ ಗಡ್ಡ ಹೆರೆದುಕೊಳ್ಳಲು ಆಗುತ್ತಿರಲಿಲ್ಲ. ಅಣ್ಣ ಹೋಗಿ ಹೆರೆದು ಬರುತ್ತಿದ್ದರು, ಅಷ್ಟೇ.

ಮರುದಿನ ಮಾವ ಹೊರಟರು. ಒಂದು ಕಾಲು ಚಪ್ಪಲಿಯಲ್ಲಿದೆ, ಇನ್ನೊಂದು ಹೊಸಿಲ ಮೇಲಿದೆ, ಆಗ ತಮ್ಮ ಕ್ಯಾಮೆರಾ ಮಗನ ದನಿಯಲ್ಲಿ ಗುಡುಗಿತು: "ಅಪ್ಪಾ, ನಿಲ್ಲು! ಎಲ್ಲಿಗೆ ಅಂತ ನಂಗೊತ್ತು. ಸುಮ್ನೆ ಒಳಗ್ಹೋಗು."

ಧ್ವನಿವರ್ಧಕದ ಗುಣಮಟ್ಟವನ್ನು ನಾನು ಮನಸಾರೆ ಶ್ಲಾಘಿಸುತ್ತೇನೆ. ಒಂದಕ್ಷರವೂ ಒಡೆಯಲಿಲ್ಲ. ಎದುರುಮನೆಯಾಕೆ ಗಿಡಕ್ಕೆ ನೀರು ಹಾಕುತ್ತಿದ್ದವಳು ಹಾಗೇ ನಿಂತಳು, ನೀರು ಅವಳ ಕಾಲ ಮೇಲೆ ಸುರಿಯಿತು. ಮಾವ ಕತ್ತೆತ್ತಿ ಆ ಪುಟ್ಟ ಕಪ್ಪು ಕಣ್ಣನ್ನು ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. "ಮೇಲೆ ಕೂತ್ಕೊಂಡು ಮಾತಾಡ್ಬೇಡ ಮಗನೇ, ಇಳಿದು ಬಾ," ಅಂದರು. ಚಪ್ಪಲಿಯಿಂದ ಕಾಲು ತೆಗೆದು ಒಳಗೆ ಬಂದು, ಚೀಲವನ್ನು ಮೊಳೆಗೆ ನೇತುಹಾಕಿ, ನನ್ನ ಮೆಷಿನ್ನಿನ ಪಕ್ಕ ಕುಳಿತು, ನೆಲಕ್ಕೆ ಬಿದ್ದ ಪಿನ್ನುಗಳನ್ನು ಅಯಸ್ಕಾಂತದಿಂದ ಆರಿಸತೊಡಗಿದರು.

ಅದೇ ಕೆಲಸ ದಿನಗಟ್ಟಲೆ ನಡೆಯಿತು. ಪಿನ್ನುಗಳು ಮುಗಿದರೆ ಡಬ್ಬಿಯನ್ನು ಮತ್ತೆ ಚೆಲ್ಲಿ ಆರಿಸುತ್ತಿದ್ದರು. ನಾನು ಈ ಮನೆಗೆ ಬಂದಂದಿನಿಂದ ನುಣ್ಣನೆಯ ಕೆನ್ನೆಯಲ್ಲದೆ ಬೇರೆ ಕಾಣದ ಆ ಮುಖದ ಮೇಲೆ ಬಿಳಿಯ ಕೂಳೆ ಎದ್ದಿತು.

"ಯಾಕೆ ಮಾವ, ಗಡ್ಡ ತೆಗೀಲಿಲ್ವಾ?" ಎಂದು ಕೇಳಿದೆ.

"ಅಲ್ಲಿ ಅವಂದೂ ಬೆಳೀತಿರುತ್ತಲ್ಲಮ್ಮಾ," ಅಂದರು. "ಇಬ್ರದ್ದೂ ಬೆಳೀಲಿ."

ಆದ್ದರಿಂದ ಮಾನ್ಯರೇ, ತಮ್ಮ ಮುಂದಿನ ಮಾದರಿಯಲ್ಲಿ ಕೆಲವು ಸೌಲಭ್ಯಗಳನ್ನು ಅಳವಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮನುಷ್ಯರು ಇನ್ನೊಬ್ಬರ ಕೋಣೆಗೆ ಕಾಲಿಡುವ ಮುಂಚೆ ಒಮ್ಮೆ ಕೆಮ್ಮುತ್ತಾರೆ. ಒಳಗಿದ್ದವರು ಸೆರಗೋ ಕಣ್ಣೀರೋ ಏನಿದೆಯೋ ಅದನ್ನು ಸರಿಮಾಡಿಕೊಳ್ಳುತ್ತಾರೆ. ತಮ್ಮ ಯಂತ್ರಕ್ಕೂ ನೋಡುವ ಮೊದಲು ಕೆಮ್ಮುವುದನ್ನು ಕಲಿಸಿ. ಸಿಟ್ಟಿನ ಮಾತು ಫೋನಿಗೆ ಬಿದ್ದರೆ, ಆಡಿದವರು ಲಿಫ್ಟಿನಿಂದ ಇಳಿದು, ಕೈ ತೊಳೆದು, ಒಂದು ಲೋಟ ನೀರು ಕುಡಿಯುವವರೆಗೆ ಅದನ್ನು ಹೊರಗೆ ಬಿಡದೆ ಗಂಟಲಲ್ಲೇ ಇಟ್ಟುಕೊಳ್ಳುವುದನ್ನೂ ಕಲಿಸಿ. "ಎಲ್ಲಿಗೆ?" ಎಂದು ಕೇಳುವ ಮುಂಚೆ "ಊಟ ಆಯ್ತಾ?" ಎಂದು ಕೇಳಬೇಕು. ವಯಸ್ಸಾದವರು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರೆ, ಎದುರುಮನೆಯ ಗಿಡಗಳನ್ನು ನೋಡುತ್ತಿರುವ ಹಾಗೆ ನಟಿಸಬೇಕು. ಇದಕ್ಕೆಲ್ಲ ತಂತ್ರಜ್ಞಾನ ಇನ್ನೂ ಬಂದಿಲ್ಲವೆಂದು ತಮ್ಮ ಸಿಬ್ಬಂದಿ ಹೇಳಬಹುದು. ನಮ್ಮ ಎದುರುಮನೆಯಾಕೆ ಇವನ್ನೆಲ್ಲ ಯಾವ ಬ್ಯಾಟರಿಯೂ ಇಲ್ಲದೆ ಮಾಡುತ್ತಾಳೆ. ಬೇಕಿದ್ದರೆ ಬಂದು ಅಧ್ಯಯನ ಮಾಡಿ.

ತಮ್ಮ ಮುಂದಿನ ಮಾದರಿಗೆ ಕಾಯುವಷ್ಟು ವ್ಯವಧಾನ ನನಗಿರಲಿಲ್ಲ. ಒಂದು ಮಧ್ಯಾಹ್ನ ಮೆಷಿನ್ನಿಗೆ ಮುಸುಕು ಹಾಕಿ, ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದು, ಕ್ಯಾಮೆರಾದ ಕೆಳಗೆ ನಿಂತೆ.

"ರೀ, ಕೇಳಿಸ್ಕೊಳ್ಳಿ. ನಮ್ಮ ಮದುವೇಲಿ ಚಿಕ್ಕಮಾವ ಆ ಮಾತು ಆಡಿದ್ದು ನನ್ನ ಬಗ್ಗೆ. ಸಿಟ್ಟು ಬರಬೇಕಾಗಿದ್ದು ನಂಗೆ, ಬರಲಿಲ್ಲ. ತಲೆ ಬಗ್ಗಿಸಿ ನಗು ತಡೀತಿದ್ದೆ, ನೀವು ಅಳ್ತಿದ್ದೀನಿ ಅಂದ್ಕೊಂಡ್ರಿ. ನನ್ನ ಹೆಸರಲ್ಲಿ ಇಷ್ಟು ವರ್ಷ ಸಿಟ್ಟು ಮಾಡಿದ್ದು ಸಾಕು. ಮಾವನ್ನ ಕರ್ಕೊಂಡು ಹೊರಟಿದ್ದೀನಿ. ಏನಾದ್ರೂ ಹೇಳೋದಿದ್ರೆ ಅಲ್ಲಿಗೇ ಬನ್ನಿ, ಗೋಡೆ ಮೇಲಿಂದ ಬೇಡ."

ಗೋಡೆಯ ಉತ್ತರಕ್ಕೆ ಕಾಯಲಿಲ್ಲ. ಮೊಳೆಯಿಂದ ಚೀಲ ತೆಗೆದು ಮಾವನ ಕೈಗೆ ಕೊಟ್ಟೆ. ಅವರು ಚಪ್ಪಲಿಯನ್ನು ಅಂದು ಕಾಲಿಗೇ ಹಾಕಿಕೊಂಡರು.

ಚಿಕ್ಕಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಕುರುಚಲು ಗಡ್ಡ ಕುತ್ತಿಗೆಯವರೆಗೂ ಹಬ್ಬಿತ್ತು. ಅಣ್ಣನ ಹಿಂದೆ ನನ್ನನ್ನು ಕಂಡು, ಸೊಟ್ಟಗಾದ ಬಾಯಿಂದ, "ನೀ... ನೂ ಬಂದ್ಯಾಮ್ಮಾ?" ಎಂದವರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಮಾವ ಬಿಸಿನೀರು ತಂದು, ಟವೆಲ್ಲು ಹಿಂಡಿ ತಮ್ಮನ ಕೆನ್ನೆಗೆ ಒತ್ತಿ, ಸೋಪಿನ ನೊರೆ ಎಬ್ಬಿಸಿದರು. ಆಮೇಲೆ ಕ್ಷೌರದ ಕತ್ತಿ ಬಿಡಿಸಿ ಹೆರೆಯತೊಡಗಿದರು.

ಒಂದು ಕೆನ್ನೆ ಮುಗಿದಿತ್ತು. ಬಾಗಿಲಲ್ಲಿ ನಮ್ಮ ಮನೆಯವರು ಬಂದು ನಿಂತರು. ಏದುಸಿರು, ಮೊಣಕೈವರೆಗೆ ಗ್ರೀಸು. ಯಾವ ಕಟ್ಟಡದವರು ಲಿಫ್ಟಿಲ್ಲದೆ ಮೆಟ್ಟಿಲು ಹತ್ತುತ್ತಿದ್ದರೋ ಕಾಣೆ. ಅಪ್ಪನನ್ನು ಕರೆದೊಯ್ಯಲು ಬಂದರೋ, ನನ್ನ ಜೊತೆ ಜಗಳಕ್ಕೆ ಬಂದರೋ, ಅದು ಅವರಿಗೂ ತೀರ್ಮಾನವಾದಂತಿರಲಿಲ್ಲ.

ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಚಿಕ್ಕಮಾವ ಅವರನ್ನು ದಿಟ್ಟಿಸಿ ನೋಡಿ, ಕಷ್ಟಪಟ್ಟು ಹೇಳಿದರು: "ಬೆಳಕಿಗೆ... ಅಡ್ಡ ನಿಲ್ಬೇಡ ಕಣೋ. ಅಣ್ಣ... ಕುಯ್ದಾನು."

ಅವರು ಸರಿದು ಒಳಗೆ ಬಂದರು. ಮಾವ ಕತ್ತಿಯಿಂದ ಕಣ್ಣು ತೆಗೆಯದೆ, "ನೀರು ಆರೋಯ್ತು, ಬೇರೆ ತಗೊಂಡ್ಬಾ. ಮೊದ್ಲು ಕೈ ತೊಳಿ," ಅಂದರು. ನಮ್ಮ ಮನೆಯವರು ಕೈ ತೊಳೆದರು. ಗ್ರೀಸು ಹೋಗಲು ಬಹಳ ಹೊತ್ತು ಬೇಕಾಯಿತು, ಅಥವಾ ಅವರೇ ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ನೀರು ತಂದು, ಎರಡನೆಯ ಕೆನ್ನೆ ಮುಗಿಯುವವರೆಗೂ ಮಗ್ಗನ್ನು ಹಿಡಿದುಕೊಂಡೇ ನಿಂತಿದ್ದರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಮಾವ ಮುಂದೆ ಬೀಸುಗಾಲು ಹಾಕುತ್ತಿದ್ದರು. ನಮ್ಮ ಮನೆಯವರು ನನ್ನ ಪಕ್ಕಕ್ಕೆ ಬಂದು, "ಆವತ್ತು ನಿಂಗೆ ನಿಜವಾಗ್ಲೂ ಬೇಜಾರಾಗಿರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಆವತ್ತೇ ಕೇಳಿದ್ರೆ ಹೇಳ್ತಿದ್ದೆ," ಅಂದೆ.

ತಮ್ಮ ಯಂತ್ರಕ್ಕೆ ಇವು ಯಾವುವೂ ಗೊತ್ತಿಲ್ಲ. ಅಂದಿನ ಮಧ್ಯಾಹ್ನ ನಾವು ಹೊರಟುಹೋದ ಮೇಲಿನ ಹೊತ್ತಿನ ಬಗ್ಗೆ ಅದರ ಬಳಿ ಇರುವುದು ಖಾಲಿ ಬಾಗಿಲಿನ ಚಿತ್ರ, "ಯಾವುದೇ ವಿಶೇಷ ನಡೆದಿಲ್ಲ" ಎಂಬ ಸಂದೇಶ. ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಈಗ ಮಾವ ಮಧ್ಯಾಹ್ನ ರಾಜಾರೋಷವಾಗಿ ಹೋಗುತ್ತಾರೆ, ರಜೆಯ ದಿನ ಮಗನೂ ಜೊತೆಗಿರುತ್ತಾರೆ. ಇಬ್ಬರೂ ಬಾಗಿಲು ದಾಟುವುದನ್ನು ತಾವು ದಿನವೂ ನೋಡುತ್ತಿರಬಹುದು; ಯಾಕೆ ಹೋಗುತ್ತಾರೆಂದು ಗೊತ್ತಾಗದೆ ತಲೆಬಿಸಿ ಮಾಡಿಕೊಳ್ಳಬಾರದೆಂದು ಇಷ್ಟು ವಿವರವಾಗಿ ಬರೆದಿದ್ದೇನೆ. ತಮ್ಮ ಕಣ್ಣಿಗೆ ದೀರ್ಘಾಯುಷ್ಯವೂ ತಮ್ಮ ಧ್ವನಿವರ್ಧಕಕ್ಕೆ ಆಗಾಗ ಗಂಟಲು ಕಟ್ಟುವ ಭಾಗ್ಯವೂ ಲಭಿಸಲೆಂದು ಹಾರೈಸುತ್ತಾ,

ಸದಾ ತಮ್ಮ ದೃಷ್ಟಿಯಲ್ಲೇ ಇರುವ,
ತಮ್ಮ ವಿಶ್ವಾಸಿ,
ಬಾಗಿಲ ಒಳಗಿನ ದರ್ಜಿ

ಮರೆತ ಮಾತು: ಬೆಳಕು ಚೆನ್ನಾಗಿದೆಯೆಂದು ಈ ಪತ್ರವನ್ನು ತಮ್ಮ ಕ್ಯಾಮೆರಾದ ಕೆಳಗೇ ಕುಳಿತು ಬರೆದಿದ್ದೇನೆ. ಆದಕಾರಣ ಅಂಚೆಗೆ ಹಾಕುತ್ತಿಲ್ಲ. ತಾವು ಈಗಾಗಲೇ ಓದಿ ಮುಗಿಸಿರುತ್ತೀರಿ. ಕಾಗುಣಿತದ ತಪ್ಪುಗಳಿದ್ದರೆ ದಯವಿಟ್ಟು ಮೆಲುದನಿಯಲ್ಲಿ ತಿಳಿಸಿ, ಗಿರಾಕಿಗಳಿರುತ್ತಾರೆ.