ಎಷ್ಟಾಗುತ್ತೆ, ಭೈಯಾ?

ಕಾಶಿಯಲ್ಲಿ ಮನೆಗಳ ಎಲೆಕ್ಟ್ರಿಕ್ ಕೆಲಸ ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಇಷ್ಟು ದಿನದಲ್ಲಿ ನನಗೆ ಕರೆಂಟ್ ಹೊಡೆದದ್ದು ನಾಲ್ಕೇ ಸಲ. ‘ಎಷ್ಟಾಗುತ್ತೆ?’ ಅನ್ನುವ ಮಾತು ಮಾತ್ರ ದಿನಾ ಹೊಡೆಯುತ್ತದೆ. ನನಗೆ ಅಂಗಡಿಯಿಲ್ಲ, ಮಾಲೀಕನಿಲ್ಲ. ಒಂದು ಸ್ಕೂಟರು, ಒಂದು ಮಡಚುವ ಏಣಿ, ಒಂದು ಚೀಲ. ರೇಟು ಹೇಳುವವನೂ ನಾನೇ, ಬೈಸಿಕೊಳ್ಳುವವನೂ ನಾನೇ. ಹೆಚ್ಚು ಹೇಳಿದರೆ ಗಿರಾಕಿ ಮುಖ ತಿರುಗಿಸುತ್ತಾರೆ, ಕಡಿಮೆ ಹೇಳಿದರೆ ಹೆಂಡತಿ.

ತೋಚಿದ್ದು ಕೊಡಿ

ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಕರ್ನಾಟಕದ ಕಡೆಯ ಪುರೋಹಿತರೊಬ್ಬರಿದ್ದಾರೆ. ಊರಿಂದ ಬರುವ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುತ್ತಾರೆ. ಜೂನ್ ತಿಂಗಳ ಬಿಸಿಲಲ್ಲಿ ಅವರ ಇನ್ವರ್ಟರ್ ಕೈಕೊಟ್ಟಿತು. ಎರಡು ಗಂಟೆ ಬೆವರು ಸುರಿಸಿ ಸರಿಮಾಡಿದೆ.

“ಎಷ್ಟು ಕೊಡಲಪ್ಪ?” ಎಂದರು.

ಚೌಕಾಶಿ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. “ನಿಮಗೆ ತೋಚಿದ್ದು ಕೊಡಿ, ಆಚಾರ್ರೇ” ಎಂದೆ.

ಅವರು ಬೆಚ್ಚಿಬಿದ್ದರು. “ಅಯ್ಯೋ, ಆ ಮಾತೊಂದು ಬೇಡ! ಮೂವತ್ತು ವರ್ಷದಿಂದ ಯಾತ್ರಿಕರಿಗೆ ನಾನು ಹೇಳೋದು ಅದನ್ನೇ. ಅದಕ್ಕೆ ಎಷ್ಟು ಬೀಳುತ್ತೆ ಅಂತ ನನಗೆ ಗೊತ್ತು. ನೀನು ಸುಮ್ಮನೆ ರೇಟು ಹೇಳು!”

ನೋಡಿ ಹೇಳುವುದಕ್ಕೆ ನೂರೈವತ್ತು

ಬಾಯಲ್ಲಿ ಹೇಳಿದರೆ ತಾನೇ ಜಗಳ, ಬರೆದೇ ಇಟ್ಟರಾಯಿತು ಎಂದುಕೊಂಡು ಇಲ್ಲಿನ ಲಂಕಾ ಬಡಾವಣೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ರೇಟ್ ಕಾರ್ಡ್ ಮಾಡಿಸಿ ಲ್ಯಾಮಿನೇಟ್ ಹಾಕಿಸಿದೆ. ಅದರ ಮೊದಲ ಸಾಲು: ‘ನೋಡಿ ಹೇಳುವುದಕ್ಕೆ ನೂರೈವತ್ತು.’

ಮೊದಲು ತೋರಿಸಿದ್ದು ಗಂಗೆಯ ಆಚೆ ದಡದ ರಾಮನಗರದ ಒಬ್ಬ ನಿವೃತ್ತ ಮೇಷ್ಟರಿಗೆ. ಸೇತುವೆಯ ಜಾಮ್‌ನಲ್ಲಿ ಮುಕ್ಕಾಲು ಗಂಟೆ ಬೆಂದು ಅವರ ಮನೆ ತಲುಪಿದ್ದೆ. ಅವರ ನಡುಮನೆಯ ಲೈಟು ಹತ್ತುತ್ತಿರಲಿಲ್ಲ.

“ನೋಡೋದಕ್ಕೂ ದುಡ್ಡಾ?” ಎಂದರು.

“ಪೆಟ್ರೋಲ್ ಖರ್ಚಿದೆಯಲ್ಲ, ಮಾಸ್ಟರ್‌ಜೀ.”

“ಹಾಗಾದರೆ ನೀವು ನೋಡಲೇಬೇಡಿ. ನಾನು ನೋಡಿ ಹೇಳ್ತೀನಿ, ನೀವು ರಿಪೇರಿ ಮಾಡಿ.”

ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ವಾದ ಮಾಡದೆ ಮೇನ್ ಆಫ್ ಮಾಡಿ, ಬೋರ್ಡ್ ಬಿಚ್ಚಿಕೊಟ್ಟು ಪಕ್ಕಕ್ಕೆ ನಿಂತೆ. ಮೇಷ್ಟರು ಕನ್ನಡಕ ಬದಲಿಸಿ, ಟಾರ್ಚ್ ಹಿಡಿದು, ಮಕ್ಕಳ ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು. “ಎಡಗಡೆಯಿಂದ ಮೂರನೇ ಸ್ವಿಚ್ಚು. ಕೆಂಪು ವೈರು ಕಳಚಿದೆ.”

ನನ್ನ ಗ್ರಹಚಾರ, ಅವರು ಹೇಳಿದ್ದು ಸರಿಯಾಗಿಯೇ ಇತ್ತು! ವೈರು ಸೇರಿಸಿ ಸ್ಕ್ರೂ ಬಿಗಿದೆ. ಲೈಟು ಹತ್ತಿತು. ಮೇಷ್ಟರು ಕಾರ್ಡನ್ನು ಇನ್ನೊಮ್ಮೆ ಓದಿದರು.

“ಸ್ವಿಚ್ ರಿಪೇರಿಗೆ ನೂರು, ಅದು ನಿಮ್ಮದು. ನೋಡಿ ಹೇಳಿದ್ದು ನಾನು, ಆ ನೂರೈವತ್ತು ನನ್ನದು. ನೀವೇ ಐವತ್ತು ಕೊಡಬೇಕಾಯ್ತು.” ಆಮೇಲೆ ನನ್ನ ಮುಖ ನೋಡಿ ಕರಗಿದರು. “ಇರಲಿ ಬಿಡಿ, ಬಿಸಿಲಲ್ಲಿ ಬಂದಿದ್ದೀರಿ. ಆ ಐವತ್ತು ಬೇಡ.”

ಮೂರು ಕೊಟೇಶನ್

ಮೈಸೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಕಾಲಿಂಗ್ ಬೆಲ್ ಹಾಕಿಸಲು ಕರೆದರು. ಕನ್ನಡದವರು ಸಿಕ್ಕರು ಎಂದು ಖುಷಿಯಿಂದ ಹೋದೆ. ವೈರಿಂಗ್ ಸೇರಿ ನಾನೂರೈವತ್ತು ಎಂದೆ.

“ಬರೆದುಕೊಡಿ” ಎಂದರು. ಬರೆದುಕೊಟ್ಟೆ. “ಇನ್ನೆರಡು ಕೊಟೇಶನ್ ಬೇಕು. ಮೂರು ನೋಡದೆ ನಾನು ಪೊರಕೆ ಕೂಡ ತಗೊಳ್ಳಲ್ಲ.”

“ತರಿಸಿಕೊಳ್ಳಿ ಸಾರ್.”

“ನನಗೆ ಇಲ್ಲಿ ಯಾರು ಗೊತ್ತು? ಅವೆರಡನ್ನೂ ನೀವೇ ತಂದುಕೊಡಿ.”

ಇದೇ ಕಸುಬಿನ ಇಬ್ಬರು ಗೆಳೆಯರ ಕೈಕಾಲು ಹಿಡಿದು, ಹೆಚ್ಚು ರೇಟು ಬರೆಸಿ ತಂದೆ. ಒಬ್ಬ ಏಳುನೂರು, ಇನ್ನೊಬ್ಬ ಒಂಬೈನೂರು. ಕೆಲಸ ನನ್ನದೇ ಎಂದು ನಿಶ್ಚಿಂತೆಯಿಂದಿದ್ದೆ. ಸಾಹೇಬರು ಮೂರನ್ನೂ ಟೇಬಲ್ ಮೇಲೆ ಹರಡಿ ಯೋಚಿಸಿದರು. “ಕಡಿಮೆ ಹೇಳಿದವರ ಕೆಲಸ ಕಳಪೆ ಇರುತ್ತೆ. ಹೆಚ್ಚು ಹೇಳಿದವರಿಗೆ ದುರಾಸೆ. ಏಳುನೂರಿನವರಿಗೇ ಕೊಡೋಣ.”

ಏಳುನೂರಿನ ಗೆಳೆಯ ಅಕ್ಕನ ಮಗಳ ಮದುವೆಗೆ ಹೊರಟು ನಿಂತಿದ್ದ. “ನನ್ನ ಪರವಾಗಿ ನೀನೇ ಹೋಗು. ಇನ್ನೂರು ನನ್ನ ಕಮಿಷನ್” ಎಂದ. ಲೆಕ್ಕ ಹಾಕಿದರೆ ನನ್ನ ಸ್ವಂತ ರೇಟಿಗಿಂತ ಐವತ್ತು ಹೆಚ್ಚೇ ಸಿಗುತ್ತಿತ್ತು. ನಾಚಿಕೆ ಬಿಟ್ಟು ಹೋದೆ.

ಕೆಲಸ ಮುಗಿದ ಮೇಲೆ ಸಾಹೇಬರು ನಾಲ್ಕು ಸಲ ಬೆಲ್ ಒತ್ತಿ ನೋಡಿ, ನನ್ನ ಬೆನ್ನು ತಟ್ಟಿದರು. “ನೋಡಿದ್ರಾ, ಎಷ್ಟು ನೀಟಾಗಿದೆ! ನಿಮ್ಮ ರೇಟಿಗೆ ಮಾಡಿಸಿದ್ದರೆ ಹೀಗೆ ಆಗ್ತಿತ್ತಾ? ಸ್ವಲ್ಪ ದಿನ ಅವರ ಕೈಕೆಳಗೇ ಇದ್ದು ಕೆಲಸ ಕಲೀರಿ.”

ಎರಡು ವರ್ಷದ ವೈರು

ಹಾವೇರಿ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು, ಘಾಟಿನ ಹತ್ತಿರ ಒಂದು ಕೋಣೆ ಹಿಡಿದಿದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗೋಡೆಯ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು, ಫ್ಯಾನ್ ಹಾಕಿದರೆ ಕಿಡಿ ಹಾರುತ್ತಿತ್ತು. ಪೂರ್ತಿ ಬದಲಿಸಬೇಕು, ಸಾವಿರದ ನಾನೂರು ಆಗುತ್ತದೆ ಎಂದೆ.

“ಅಷ್ಟ್ಯಾಕೋ ತಮ್ಮಾ?”

“ಒಳ್ಳೇ ವೈರು ಅಜ್ಜಿ. ಇಪ್ಪತ್ತು ವರ್ಷ ಬರುತ್ತೆ.”

“ಇಪ್ಪತ್ತ ವರ್ಷದ್ದು ನನಗ್ಯಾಕ? ನಾ ಇಲ್ಲಿಗೆ ಬಂದಿದ್ದ ಸಾಯಾಕ. ಎರಡ ವರ್ಷದ್ದು ಇದ್ರ ಹಾಕು. ಅಷ್ಟರಾಗ ನಾ ಹೋಗಿರ್ತೀನಿ.”

ಅಂಥ ವೈರು ಎಲ್ಲಿಯೂ ಇಲ್ಲ ಎಂದು ಹೇಳಿ ನೋಡಿದೆ, ಕೇಳಲಿಲ್ಲ. ಅವರ ಬಳಿ ಇದ್ದ ದುಡ್ಡೆಲ್ಲ ತಮ್ಮ ಕೊನೆಯ ಕೆಲಸಗಳಿಗೆಂದು ಎತ್ತಿಟ್ಟದ್ದು. ಕಳಪೆ ವೈರು ಹಾಕಿ ಹೋದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಒಳ್ಳೆಯ ವೈರನ್ನೇ ಎಳೆದು, ಇದು ಎರಡು ವರ್ಷದ್ದು ಎಂದು ಸುಳ್ಳು ಹೇಳಿ, ಏಳುನೂರು ತೆಗೆದುಕೊಂಡು ಬಂದೆ. ಮನೆಯಲ್ಲಿ ಹೆಂಡತಿಗೆ ಬೇರೊಂದು ಸುಳ್ಳು ಹೇಳಿದೆ.

ಸರಿಯಾಗಿ ಎರಡು ವರ್ಷಕ್ಕೆ ಅಜ್ಜಿಯಿಂದ ಫೋನ್ ಬಂತು. “ತಮ್ಮಾ, ವೈರಿನ ವಾಯಿದೆ ಮುಗೀತು. ಬಂದು ಬದಲಿ ಮಾಡು.”

ಹೋದೆ. ಅಜ್ಜಿ ಮೊದಲಿಗಿಂತ ಗಟ್ಟಿಯಾಗಿ ಕಂಡರು. ವೈರು ಚೆನ್ನಾಗಿದೆ, ಏನೂ ಮಾಡಬೇಕಾಗಿಲ್ಲ ಎಂದೆ. ಅವರು ಒಪ್ಪಲಿಲ್ಲ.

“ಎರಡ ವರ್ಷ ಅಂತ ನೀನ ಹೇಳೀದಿ. ಬೆಂಕಿ ಹತ್ತಿದ್ರ ಯಾರೋ ನೋಡವ್ರು? ಹೊಸಾದು ಹಾಕು.”

ಬೇರೆ ದಾರಿ ಕಾಣದೆ ನಿಜ ಒಪ್ಪಿಕೊಂಡೆ. “ಅಜ್ಜಿ, ಆವತ್ತು ನಾನು ಹಾಕಿದ್ದು ಇಪ್ಪತ್ತು ವರ್ಷದ್ದೇ. ನಿಮಗೆ ಭಾರ ಆಗುತ್ತೆ ಅಂತ ಅರ್ಧ ದುಡ್ಡು ತಗೊಂಡೆ.”

ಅಜ್ಜಿ ಗೋಡೆಯ ವೈರನ್ನು ನೋಡಿದರು, ನನ್ನನ್ನು ನೋಡಿದರು. ಈಗ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾರೆ ಎಂದು ನಾನು ಸ್ವಲ್ಪ ಬಗ್ಗಿದೆ ಕೂಡ.

“ಅಯ್ಯ ನಿನ್ನ!” ಎಂದು ಅಜ್ಜಿ ಹಣೆ ಬಡಿದುಕೊಂಡರು. “ಹಂಗಾರ ನಾ ಇನ್ನೂ ಹದಿನೆಂಟ ವರ್ಷ ಇಲ್ಲೇ ಕುಂಡರಬೇಕೇನೋ?”