ತಾತನ ಹೆಸರಿನ ‘ಕೆ’

ಪದಗಳನ್ನು ಕುಗ್ಗಿಸುವುದರಲ್ಲಿ ನಮ್ಮಂಥ ಇಂಜಿನಿಯರುಗಳನ್ನು ಮೀರಿಸುವವರಿಲ್ಲ. ಸಾಂಟಾ ಕ್ಲಾರಾದ ನನ್ನ ಆಫೀಸಿಗೆ ಬರುವ ಈಮೇಲುಗಳಲ್ಲಿ ಪೂರ್ತಿ ಪದವೆಂದರೆ ಕಳಿಸಿದವರ ಹೆಸರು ಮಾತ್ರ. ಅವರು ನಮ್ಮ ಕಡೆಯವರಾದರೆ ಅದೂ ಅರ್ಧವೇ. ಮೀಟಿಂಗಿನಲ್ಲಿ ಅರ್ಥವಾಗದ ಮೂರಕ್ಷರ ಕೇಳಿಬಂದಾಗ ಗಂಭೀರವಾಗಿ ತಲೆಯಾಡಿಸುವ ವಿದ್ಯೆ ನನಗೆ ಎಂದೋ ಸಿದ್ಧಿಸಿದೆ. ಇಂಥವನ ಪಾಲಿಗೆ ಎಂಟನೇ ಕ್ಲಾಸಿನ ಮಗಳು ಸಿಂಚನಾಳ ಇಂಗ್ಲಿಷ್ ಪ್ರಬಂಧ ತಿದ್ದಿಸುವ ಕೆಲಸ ಬಂತು.

ಪ್ರಬಂಧ ಅವಳ ತಾತನ ಮೇಲೆ, ಅಂದರೆ ನನ್ನ ಅಪ್ಪನ ಮೇಲೆ. ಗೆಳತಿಯರಿಗೆ ಮೊಬೈಲಿನಲ್ಲಿ ಬರೆಯುವಂತೆಯೇ ಬರೆದಿದ್ದಳು ಪುಣ್ಯಾತಗಿತ್ತಿ. ಸಂಕ್ಷಿಪ್ತ ರೂಪ ಕೂಡದು, ಚಿಹ್ನೆ ಕೂಡದು, ಸಣ್ಣ ಸಂಖ್ಯೆಗಳು ಅಕ್ಷರದಲ್ಲೇ ಇರಬೇಕು, ಸೋಮವಾರ ತಿದ್ದಿ ಕೊಡದಿದ್ದರೆ ಗ್ರೇಡು ಇಳಿಯುತ್ತದೆ ಎಂದು ಟೀಚರು ಅದನ್ನು ವಾಪಸು ಕೊಟ್ಟಿದ್ದರು. ಅಪ್ಪ ಮಗಳು ಕ್ಯಾಂಪ್‌ಬೆಲ್‌ನ ನಮ್ಮ ಅಡುಗೆಮನೆಯ ಮೇಜಿಗೆ ಕೂತೆವು. ತಾತ ತಿನ್ನುವ 3 ಮುದ್ದೆ ‘ತ್ರೀ’ ಆಯಿತು. ಮುದ್ದೆಗೂ ಸಾರಿಗೂ ನಡುವೆ ಹಾವಿನಂತೆ ಸುತ್ತಿಕೊಂಡಿದ್ದ & ಚಿಹ್ನೆ ಬಿಚ್ಚಿಕೊಂಡು ‘ಆಂಡ್’ ಆಯಿತು. ಹುಮ್ಮಸ್ಸಿನಲ್ಲಿ ನಾನು ತಾತನ ಬೀಪಿಯನ್ನೂ ಬಿಡಿಸಿ ಬರೆಸಿದೆ. ಇದ್ದಕ್ಕಿದ್ದಂತೆ ಕಾಯಿಲೆ ಬಹಳ ದೊಡ್ಡದಾಗಿ ಕಂಡಿತು.

ಉಳಿದದ್ದು ಮೊದಲ ಸಾಲು. ಅಲ್ಲಿ ‘ಕೆ.ಟಿ. ಸಿದ್ದೇಗೌಡ’ ಎಂದಿತ್ತು. ಟಿ ಅಂದರೆ ತಿಮ್ಮೇಗೌಡ, ನನ್ನ ತಾತ ಎಂದೆ. ಹಾಗಾದರೆ ಕೆ ಅಂದರೆ ಎಂದಳು ಮಗಳು. ಊರಿನ ಹೆಸರು ಎಂದು ಮೀಟಿಂಗಿನ ಗತ್ತಿನಲ್ಲೇ ಹೇಳಿದೆ.

ಒಲೆಯ ಹತ್ತಿರವಿದ್ದ ನನ್ನ ಹೆಂಡತಿ ಭಾರತಿ ತಿರುಗಿದಳು. “ನಿಮ್ಮೂರು ಹೊಸಹಳ್ಳಿ ಅಲ್ವಾ?”

ಅದೇ ಕೆ ನನ್ನ ಹೆಸರಿನ ಮುಂದೆಯೂ ಇದೆ. ಅದನ್ನು ಹೊತ್ತು ಸಮುದ್ರ ದಾಟಿದವನು ಅದೇನೆಂದು ಒಂದು ದಿನವೂ ಯೋಚಿಸಿರಲಿಲ್ಲ. ನಮ್ಮ ಶನಿವಾರ ಸಂಜೆ ಮಂಡ್ಯದಲ್ಲಿ ಭಾನುವಾರ ಬೆಳಗ್ಗೆ. ತಂಗಿಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪನಿಗೆ ವಿಡಿಯೋ ಕಾಲು ಮಾಡಿದೆ. ಅಪ್ಪ ಉತ್ಸಾಹದಿಂದ ಶುರುಮಾಡಿದರು. ಅವರ ಕ್ಲಾಸಿನಲ್ಲಿ ಇನ್ನೊಬ್ಬ ಟಿ. ಸಿದ್ದೇಗೌಡನಿದ್ದನಂತೆ, ಮಹಾ ಪೋಕರಿ. ಅವನು ಮಾಡಿದ ತಂಟೆಗೆ ಇವರಿಗೆ ಏಟು, ಇವರು ಓದಿದ್ದಕ್ಕೆ ಅವನಿಗೆ ಶಹಭಾಸ್‌ಗಿರಿ. ಬೇಸತ್ತ ಮೇಷ್ಟ್ರು ಗುರುತಿಗಿರಲಿ ಎಂದು ಇವರ ಹೆಸರಿನ ಮುಂದೆ ಒಂದು ಕೆ ಹಾಕಿದರಂತೆ.

“ಸರಿ ಅಪ್ಪ, ಕೆ ಅಂದ್ರೆ ಏನು?” ಎಂದೆ.

“ಏನೂ ಇಲ್ಲ ಕಣ್ಲಾ. ಬರೀ ಕೆ.”

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅತ್ತ ಅಪ್ಪನೂ ಕಾಫಿ ಚೆಲ್ಲಿಕೊಂಡರು. ಏನೂ ಇಲ್ಲದ್ದನ್ನು ವಿಸ್ತರಿಸುವುದು ಹೇಗೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಸಿಂಚನಾ, “ದಟ್ಸ್ ಈಸಿ, ಅಪ್ಪ,” ಎಂದು ಆ ಅಕ್ಷರದ ಉಚ್ಚಾರವನ್ನೇ ಕೆ, ಎ, ವೈ ಎಂದು ಬಿಡಿಸಿ ಬರೆದಳು. ಈ ದೇಶದಲ್ಲಿ ಹಾಗೊಂದು ಹೆಸರೇ ಇದೆ. ಹೀಗೆ ನಮ್ಮಪ್ಪ ‘ಕೇ ತಿಮ್ಮೇಗೌಡ ಸಿದ್ದೇಗೌಡ’ ಆದರು. ಮೊಮ್ಮಗಳು ಓದಿ ಹೇಳಿದಾಗ, “ಚೆನ್ನಾಗದೆ, ಇರಲಿ ಬುಡು,” ಎಂದರು. ಪ್ರಬಂಧಕ್ಕೆ ಎ ಗ್ರೇಡು ಬಂತು.

ಮುಂದಿನ ವಾರ ಶಾಲೆಯಲ್ಲಿ ಪೋಷಕರ ಸಭೆ. ಟೀಚರು ಎದ್ದು ಬಂದು ಕೈ ಕುಲುಕಿ, “ವೆಲ್‌ಕಮ್, ಮಿಸ್ಟರ್ ಕೇ,” ಎಂದರು. ಭಾರತಿ ಮೊಣಕೈಯಿಂದ ತಿವಿದಳು. ನನ್ನ ಹೆಸರು ಮೃತ್ಯುಂಜಯ. ಇಲ್ಲಿ ಅದನ್ನು ಕೂಗಲು ಹೊರಟವರಲ್ಲಿ ಅರ್ಧಕ್ಕಿಂತ ಮುಂದೆ ಹೋದವರಿಲ್ಲ. ತಿದ್ದಲೆಂದು ಬಾಯಿ ತೆರೆದೆ. ಆ ಮಹಾತಾಯಿಯ ಮುಖದಲ್ಲಿ ಎಡವದೆ ದಾಟಿದ ನೆಮ್ಮದಿ ಕಂಡಿತು. “ಯೆಸ್,” ಎಂದು ಕುರ್ಚಿ ಎಳೆದುಕೊಂಡು ಕೂತೆ.