ಕೋಳಿಗೆ ಚುಚ್ಚಿದ ಸೂಜಿ

ನನ್ನ ತಂಗಿಯ ಗಂಡನಿಗೆ ದೇವರೇ ಪ್ರತ್ಯಕ್ಷನಾದರೂ ಮೊದಲು ಸೂಜಿ ಚುಚ್ಚಿ, ಎಷ್ಟು ಡಿಗ್ರಿ ಎಂದು ನೋಡಿ, ಆಮೇಲೆ ಕೈ ಮುಗಿಯುತ್ತಾನೆ! ಒಂದು ಕಡೆ ಕೂರುವುದಂತೂ ಅವನ ಜಾತಕದಲ್ಲೇ ಇಲ್ಲ.

ಕಾರಣವಿದೆ ಅನ್ನಿ. ತಂಗಿ ದೊಡ್ಡ ಕಾಯಿಲೆಯಿಂದ ಎದ್ದವಳು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದವಳು ಒಂದು ದಿನ, “ಕೆಂಡದಲ್ಲಿ ಸುಟ್ಟ ಕೋಳಿ ತಿನ್ನಂಗಾಗ್ಯದೆ” ಅಂದಳು. ಡಾಕ್ಟರು, “ಕೊಡಿ, ಆದರೆ ಒಳಗೆ ಒಂದು ಚೂರೂ ಹಸಿ ಇರಬಾರದು” ಅಂದರು. ಹಾಗಂತ ಹೆಚ್ಚು ಸುಟ್ಟರೆ ಕೋಳಿ ಚಪ್ಪಲಿಯಾಗುತ್ತದೆ, ಅವಳಿಗೆ ಅಗಿಯಲಾಗದು. ಶುರುವಾಯಿತು ನೋಡಿ ಇವನ ಓಡಾಟ!

ಸರಗೂರಿನಲ್ಲಿ ಡ್ರಮ್ ಕೊಯ್ಸಿ ಇದ್ದಿಲೊಲೆ ಮಾಡಿಸಿದ. ಮುಚ್ಚಳಕ್ಕೆ ಗಡಿಯಾರದಂಥ ಮೀಟರ್. ಮೀಟರ್ ಇನ್ನೂರು ಅಂದಿತು, ಕೋಳಿಯ ಮೂಳೆ ಪಕ್ಕ ಕೆಂಪು ರಸ ಒಸರಿತು. ಅಂದು ಹಬ್ಬ ನಾಯಿಗೆ!

“ಅದು ಮುಚ್ಚಳದ ಸುದ್ದಿ ಏಳ್ತದೆ ಕಣ್ಲಾ, ಕೋಳಿ ಸುದ್ದಿ ಅಲ್ಲ! ನನ್ ಅಂಗೈ ನೋಡು,” ಎಂದು ಕೆಂಡದ ಮೇಲೆ ಕೈ ಹಿಡಿದೆ. ಶಾಖ ಅಳೆಯುವುದರಲ್ಲಿ ನನ್ನ ಅಂಗೈಗೆ ಕೋಟೆ ತಾಲ್ಲೂಕಿನಲ್ಲೇ ಸಾಟಿಯಿಲ್ಲ.

“ಕೋಳಿ ಒಳಿಕ್ಕೆ ನಿಮ್ ಅಂಗೈಯ ಚುಚ್ಚಕಾಯ್ತದಾ ಬಾವ?”

ಹೋಗಿ, ವೈರಿನ ತುದಿಗೆ ಸೂಜಿಯಿರುವ ಮೀಟರ್ ತಂದ. ಪರೀಕ್ಷೆಗೆಂದು ಕುದಿಯುವ ನೀರಿಗೆ ಅದ್ದಿದರೆ ತೊಂಬತ್ತೆಂಟು! “ನೂರಿರಬೇಕು, ಸುಳ್ಳು ಮೀಟರು!” ಎಂದು ಹ್ಯಾಂಡ್‌ಪೋಸ್ಟ್ ಪೇಟೆಗೆ ಓಡಿ ಬೇರೆಯದು ತಂದ. ಅದೂ ತೊಂಬತ್ತೆಂಟು. ನಮ್ಮೂರು ಸಮುದ್ರಕ್ಕಿಂತ ಎತ್ತರದಲ್ಲಿದೆ, ಇಲ್ಲಿ ನೀರು ನೂರಾಗುವ ಮೊದಲೇ ಕುದಿಯುತ್ತದೆ ಎಂದು ಕೊನೆಗೆ ಮೇಷ್ಟ್ರೊಬ್ಬರು ಬಿಡಿಸಿ ಹೇಳಿದರು. ಅಂದರೆ ನಮ್ಮೂರ ನೀರಿಗೂ ಇವನದೇ ಆತುರ!

ಕಳೆದ ಭಾನುವಾರ ಮತ್ತೆ ಕೋಳಿ. ಮೂಳೆಗೆ ತಾಗದಂತೆ ತೊಡೆಗೆ ಸೂಜಿ ಇಳಿಸಿದ. ಎಪ್ಪತ್ತೈದು ಮುಟ್ಟಿದರೆ ಬೆಂದಂತೆ. ಅರವತ್ತಾದಾಗ ಉಪ್ಪು ತರಲು ಒಳಗೆ ಹೋದ. ನನಗೆ ಅಷ್ಟು ಸಾಲದೇ? ಸೂಜಿ ಕಿತ್ತು, ತಣ್ಣೀರಿಗೆ ಅದ್ದಿ, ಕಂಕುಳಲ್ಲಿಟ್ಟುಕೊಂಡು ಸಾಧುವಿನಂತೆ ಕೂತೆ.

“ಅಯ್ಯಯ್ಯೋ, ಮೂವತ್ತಾರು! ಕೋಳಿ ತಣ್ಣಗಾಯ್ತಾ ಅದೆ ಬಾವ!” ಬೀಸಣಿಗೆ ಹಿಡಿದು ಒಲೆ ಸುತ್ತ ಕುಣಿದ. ವೈರು ನನ್ನ ಅಂಗಿಯೊಳಗೆ ಹೋಗಿರುವುದು ಆಮೇಲೆ ಕಂಡಿತು.

“ನಿಮ್ಗೆ ಜ್ವರ ಇಲ್ಲ, ತೆಗೀರಿ ಈಚೆಗೆ!” ಎಂದವನೇ ಸೂಜಿಯನ್ನು ಸೋಪು ಹಾಕಿ ತೊಳೆದು, ಕುದಿಯುವ ನೀರಿಗೆ ಅದ್ದಿದ.

ಜಗುಲಿಯಿಂದ ತಂಗಿ ಕೂಗಿದಳು: “ಇನ್ನೊಂದ್ಸಲ ಅದ್ದಿ ಕಣಿ, ನಮ್ಮಣ್ಣನ ಕಂಕುಳು ಅದು!”

ಅಂತೂ ತೊಡೆಯಲ್ಲೂ ಎದೆಯಲ್ಲೂ ಎಪ್ಪತ್ತೈದು ದಾಟಿತು. ಅವನು ಒಂದು ಚೂರು ಬಿಡಿಸಿ, ಊದಿ, ತನ್ನ ಕೆಳತುಟಿಗೆ ತಾಗಿಸಿ ನೋಡಿ, ಅವಳ ಬಾಯಿಗಿಟ್ಟ.

“ಈಗ ಎಷ್ಟು ಡಿಗ್ರಿಲಾ?” ಎಂದು ಕೆಣಕಿದೆ.

ಅವನಿಗೆ ಕೇಳಿಸಲಿಲ್ಲ. ಅವಳು ಅಗಿಯುವುದನ್ನೇ ನೋಡುತ್ತಿದ್ದ. ಅವಳು ನುಂಗಿದಳು.

“ಇನ್ನೊಂದ್ ಚೂರು ಕೊಡಿ.”

ಕೊಟ್ಟ. ಆಮೇಲೆ ಮೆಲ್ಲಗೆ, ಜಗುಲಿಯ ಮೇಲೆ, ಅವಳ ಪಕ್ಕದಲ್ಲಿ ಕೂತ.